ವಾಟ್ಸ್ಆ್ಯಪ್ ಬರುತ್ತದೆ, ವೆಬ್‌ಸೈಟ್ ತೆರೆಯುವುದಿಲ್ಲ: ಡಿಎನ್‌ಎಸ್ ತೊಂದರೆ ಹುಡುಕುವುದು ಹೇಗೆ?

ಜೂನ್ ಹಿಡಿದರೆ ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಹಿಡಿದು ಕೆಳಗೆ ಕುಮಟಾ, ಅಂಕೋಲಾ, ಕಾರವಾರದವರೆಗೂ ಒಂದೇ ಮಾತು: "ನೆಟ್ ಇಲ್ಲ." ಗಾಳಿ ಬೀಸುತ್ತದೆ, ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಆದರೆ ನೆಟ್ ಇಲ್ಲ ಅನ್ನುವ ಆ ಒಂದು ಮಾತಿನೊಳಗೆ ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. "ತಮಾ, ನೆಟ್ ಹೋಯ್ದು, ಆದ್ರೆ ವಾಟ್ಸ್ಆ್ಯಪ್ ಬರ್ತಾ ಇದ್ದು" ಎಂದು ಶಿರಸಿ ಕಡೆಯ ನೆಂಟರು ಫೋನ್ ಮಾಡಿದರೆ ಅರ್ಧ ಉತ್ತರ ಆ ಮಾತಿನಲ್ಲೇ ಸಿಕ್ಕಿಬಿಡುತ್ತದೆ.

ಮೊದಲು ಒಂದು ಸಂಗತಿ ಖಾತ್ರಿ ಮಾಡಿಕೊಳ್ಳಿ. ಮೊಬೈಲಿನಲ್ಲಿ ಡೇಟಾ ಬಂದ್ ಮಾಡಿ. ಮನೆಯ ವೈಫೈ ಮೇಲೆಯೇ ವಾಟ್ಸ್ಆ್ಯಪ್ ಮೆಸೇಜ್ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಮನೆಯಿಂದ ಹೊರಗೆ ಹೋಗುವ ದಾರಿ ಸರಿಯಿದೆ ಎಂದೇ ಅರ್ಥ. ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳು ಒಮ್ಮೆ ತಮ್ಮ ಸರ್ವರ್ ಜೊತೆ ಸಂಪರ್ಕ ಮಾಡಿಕೊಂಡರೆ ಅದನ್ನು ಬಹಳ ಹೊತ್ತು ಬಿಡುವುದಿಲ್ಲ. ಅವಕ್ಕೆ ಪದೇ ಪದೇ ವಿಳಾಸ ಕೇಳುವ ಕೆಲಸವಿಲ್ಲ. ಬ್ರೌಸರ್ ಹಾಗಲ್ಲ. ಪಹಣಿ ನೋಡಲು ಒಂದು ಸೈಟ್, ಅಡಿಕೆ ಧಾರಣೆಗೆ ಇನ್ನೊಂದು, ರೈಲು ಟಿಕೆಟ್‌ಗೆ ಮತ್ತೊಂದು. ಪ್ರತಿ ಹೊಸ ಹೆಸರಿಗೂ ಅದು ಯಾರನ್ನೋ ವಿಳಾಸ ಕೇಳಬೇಕು. ಹೇಳುವವರು ಸುಮ್ಮನಾದರೆ ಬ್ರೌಸರ್ ಅಲ್ಲೇ ನಿಲ್ಲುತ್ತದೆ. ದಾರಿ ಚೆನ್ನಾಗಿದ್ದರೂ ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತಿಲ್ಲ.

ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸ ಎಂಬ ಅಂಕಿಗಳಿಂದ. ನಮಗೆ ನೆನಪಿರುವುದು ಹೆಸರು. ಹೆಸರು ಕೊಟ್ಟರೆ ಅಂಕಿ ಹುಡುಕಿ ಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಮೊದಮೊದಲು ಅಮೆರಿಕದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಒಂದು ಫೈಲ್ ಇತ್ತು. ಇಡೀ ಜಾಲದ ಹೆಸರುಗಳು ಅದರಲ್ಲಿ. ಎಲ್ಲರೂ ಅದನ್ನು ಇಳಿಸಿಕೊಂಡು ಬಳಸುತ್ತಿದ್ದರು. ಜಾಲ ಬೆಳೆದಂತೆ ಅದು ಸಾಗಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಈಗಿನ ವ್ಯವಸ್ಥೆಯನ್ನು ರೂಪಿಸಿದರು. ಹಳೆಯ ಫೈಲಿನ ಗುರುತು ಇವತ್ತಿಗೂ ನಿಮ್ಮ ಕಂಪ್ಯೂಟರಿನಲ್ಲಿದೆ. ಅದರ ಹೆಸರು ಹೋಸ್ಟ್ಸ್ ಫೈಲ್. ಅದರಿಂದಲೂ ತೊಂದರೆ ಬರುವುದುಂಟು, ಅದನ್ನು ಆಮೇಲೆ ನೋಡೋಣ.

ಮೊಕಪೆಟ್ರಿಸ್ ಮಾಡಿದ ಬದಲಾವಣೆಯ ತಿರುಳು ಇಷ್ಟೇ. ಎಲ್ಲವೂ ಯಾರೊಬ್ಬರಿಗೂ ಗೊತ್ತಿರಬೇಕಾಗಿಲ್ಲ, ಮುಂದೆ ಯಾರನ್ನು ಕೇಳಬೇಕು ಎಂಬುದು ಗೊತ್ತಿದ್ದರೆ ಸಾಕು. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾವುದೋ ಒಳಗಿನ ಹಳ್ಳಿಯ ಮನೆ ಕೇಳಿದರೆ "ಹುಲೇಕಲ್ ಬಸ್ ಹತ್ತಿ, ಅಲ್ಲಿ ಕೇಳಿ" ಅನ್ನುತ್ತಾರೆ. ಹುಲೇಕಲ್‌ನಲ್ಲಿ ಊರಿನ ದಾರಿ ತೋರಿಸುತ್ತಾರೆ. ಊರಿನವರು ತೋಟ ದಾಟಿ ಎಷ್ಟನೇ ಮನೆ ಎಂದು ಹೇಳುತ್ತಾರೆ. ಡಿಎನ್‌ಎಸ್ ನಡೆಯುವುದೂ ಹೀಗೇ. ನಮ್ಮ ಜಿಲ್ಲಾಡಳಿತದ ಸೈಟನ್ನೇ ತೆಗೆದುಕೊಳ್ಳಿ: ಉತ್ತರಕನ್ನಡ ಡಾಟ್ ನಿಕ್ ಡಾಟ್ ಇನ್. ಈ ಹೆಸರನ್ನು ಹಿಂದಿನಿಂದ ಓದಬೇಕು. ಮೊದಲು ರೂಟ್ ಸರ್ವರ್ ಅನ್ನು ಕೇಳಿದರೆ ಅದು 'ಇನ್' ನೋಡಿಕೊಳ್ಳುವವರ ಕಡೆ ಕಳಿಸುತ್ತದೆ. ಅವರು 'ನಿಕ್' ನೋಡಿಕೊಳ್ಳುವ ಸರ್ವರ್ ಕಡೆ ಕಳಿಸುತ್ತಾರೆ. ಉತ್ತರಕನ್ನಡ ಎಂಬ ಹೆಸರಿನ ವಿಳಾಸ ಗೊತ್ತಿರುವುದು ಆ ಕೊನೆಯವರಿಗೆ. ರೂಟ್ ಸರ್ವರ್‌ಗಳಿಗೆ ಇರುವುದು 13 ಹೆಸರು, ಎ ಇಂದ ಎಂ ವರೆಗೆ. ಅವುಗಳ ಪ್ರತಿಗಳು ಮಾತ್ರ ಲೋಕದ ತುಂಬ ನೂರಾರು ಕಡೆ ಇವೆ, ಭಾರತದಲ್ಲೂ ಇವೆ.

ಇಷ್ಟೆಲ್ಲ ಓಡಾಟವನ್ನು ನಿಮ್ಮ ಕಂಪ್ಯೂಟರ್ ಮಾಡುವುದಿಲ್ಲ. ಅದು ಮನೆಯ ರೂಟರನ್ನು ಕೇಳುತ್ತದೆ. ರೂಟರ್ ಇಂಟರ್ನೆಟ್ ಕೊಡುವ ಕಂಪನಿಯ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಓಡಾಡುವುದು ಆ ಸರ್ವರ್. ಸಿಕ್ಕಿದ ಉತ್ತರವನ್ನು ಎಲ್ಲರೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತಾರೆ: ಕಂಪನಿಯ ಸರ್ವರ್, ಹಲವು ಸಲ ರೂಟರ್, ವಿಂಡೋಸ್, ಬ್ರೌಸರ್ ಕೂಡ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದು ಉತ್ತರದ ಜೊತೆಗೇ ಬರುತ್ತದೆ. ಅಂದರೆ ಒಂದು ಹೆಸರು ಸಿಗದಿದ್ದಾಗ ತಪ್ಪು ಈ ಸಾಲಿನಲ್ಲಿ ಯಾರದ್ದೂ ಆಗಿರಬಹುದು.

ಹಾಗಾಗಿ ನನ್ನ ಗಟ್ಟಿ ಅಭಿಪ್ರಾಯ ಒಂದಿದೆ. ಯಾರು ಏನು ಉತ್ತರ ಕೊಟ್ಟರು ಎಂದು ನೋಡುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. "8.8.8.8 ಹಾಕಿ, ಸರಿಯಾಗುತ್ತೆ" ಎಂದು ಯಾರೋ ಹೇಳಿರುತ್ತಾರೆ. ಅದು ಗೂಗಲ್‌ನ ಡಿಎನ್‌ಎಸ್ ಸರ್ವರಿನ ಅಂಕಿ. ಕೆಲವು ಸಲ ಸರಿಯಾಗುತ್ತದೆ ಕೂಡ. ಆದರೆ ನಿಜವಾದ ಕಾರಣ ಅಲ್ಲೇ ಉಳಿದು, ಮುಂದಿನ ಮಳೆಗೆ ಮತ್ತೆ ಕಾಡುತ್ತದೆ. ಆಗ ಎರಡು ತೊಂದರೆ ಒಟ್ಟಿಗೆ ಇರುತ್ತವೆ: ಹಳೆಯ ಕಾರಣ, ಜೊತೆಗೆ ನೀವು ಬದಲಿಸಿ ಮರೆತ ಸೆಟ್ಟಿಂಗ್.

ಮೊದಲು ದಾರಿ ನೋಡಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕೇ ಒಳಗೆ ಬರುತ್ತಿಲ್ಲ. ಎಲ್ಲೋ ಕೇಬಲ್ ತುಂಡಾಗಿದೆ ಅಥವಾ ಕಿತ್ತುಬಂದಿದೆ. ಕಂಪ್ಯೂಟರಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ, ಕಂಪ್ಲೇಂಟ್ ಕೊಡಿ. ದೀಪ ಸರಿಯಿದ್ದರೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಕಮಾಂಡ್‌ಗಳನ್ನು ಟೈಪ್ ಮಾಡುವ ಕಿಟಕಿ) ತೆರೆಯಿರಿ. ಇಲ್ಲಿ ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬೇಕು. 'ಪಿಂಗ್ 8.8.8.8' ಎಂದು ಹೊಡೆಯಿರಿ. ಇದು ಅಂಕಿ, ಹೆಸರಲ್ಲ. ಇದಕ್ಕೆ ಡಿಎನ್‌ಎಸ್ ಬೇಕಾಗಿಲ್ಲ. ರಿಪ್ಲೈ ಬಂದರೆ ದಾರಿ ಇದೆ. ಬಾರದಿದ್ದರೆ 'ಐಪಿಕಾನ್ಫಿಗ್ /ಆಲ್' ಹೊಡೆದು ನಿಮ್ಮ ಕಂಪ್ಯೂಟರಿನ ವಿಳಾಸ ನೋಡಿ. ಅದು 169.254 ಎಂದು ಶುರುವಾದರೆ ರೂಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ. ಅದು ವೈಫೈ ಅಥವಾ ರೂಟರಿನ ತೊಂದರೆ. ಟಾಸ್ಕ್‌ಬಾರ್‌ನಲ್ಲಿ ವಿಂಡೋಸ್ ತೋರಿಸುವ "ನೋ ಇಂಟರ್ನೆಟ್" ಗುರುತನ್ನು ಮಾತ್ರ ಪೂರ್ತಿ ನಂಬಬೇಡಿ. ಅದು ಮೈಕ್ರೋಸಾಫ್ಟ್‌ನ ಒಂದು ಹೆಸರನ್ನು ಹುಡುಕಿ, ಅಲ್ಲಿಂದ ಒಂದು ಪುಟ್ಟ ಫೈಲ್ ತಂದು ನೋಡಿ ಹೇಳುವ ಮಾತು. ಬರೀ ಡಿಎನ್‌ಎಸ್ ಕೆಟ್ಟರೂ ಅದು ನೆಟ್ಟೇ ಇಲ್ಲ ಎನ್ನುತ್ತದೆ.

ಪಿಂಗ್ ಸರಿಯಿದೆ, ಸೈಟ್ ಮಾತ್ರ ತೆರೆಯುತ್ತಿಲ್ಲ ಅಂದರೆ ಈಗ ಹೆಸರು ಕೇಳಿ ನೋಡೋಣ. 'ಎನ್‌ಎಸ್‌ಲುಕಪ್' ಎಂದು ಬರೆದು, ಸ್ಪೇಸ್ ಬಿಟ್ಟು, ಜಿಲ್ಲಾಡಳಿತದ ಆ ಹೆಸರು ಹೊಡೆಯಿರಿ. ಬರುವ ಉತ್ತರದಲ್ಲಿ ಎರಡು ಸಾಲು ಹೊಸಬರನ್ನು ಸುಮ್ನೆ ಹೆದರಿಸುತ್ತವೆ. "ಸರ್ವರ್: ಅನ್‌ನೋನ್" ಎಂದು ಬರುತ್ತದೆ. ಅದು ತಪ್ಪಲ್ಲ. ನೀವು ಕೇಳುತ್ತಿರುವ ಡಿಎನ್‌ಎಸ್ ಸರ್ವರಿನ ಅಂಕಿಗೆ ಹೆಸರು ಸಿಗಲಿಲ್ಲ, ಅಷ್ಟೇ. ಮನೆಯ ರೂಟರಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಇನ್ನೊಂದು "ನಾನ್ ಅಥಾರಿಟೇಟಿವ್ ಆನ್ಸರ್." ಅದೂ ತಪ್ಪಲ್ಲ. ಈ ಉತ್ತರ ಆ ಹೆಸರಿನ ಮೂಲ ಸರ್ವರಿನಿಂದ ನೇರವಾಗಿ ಬಂದದ್ದಲ್ಲ, ನಡುವಿನವರು ಕೇಳಿ ಹೇಳಿದ್ದು ಎಂದರ್ಥ. ಇವುಗಳ ಕೆಳಗೆ ವಿಳಾಸದ ಅಂಕಿ ಬಂದಿದ್ದರೆ ಹುಡುಕಾಟ ಗೆದ್ದಿದೆ.

ಅಂಕಿ ಬಾರದಿದ್ದರೆ ಏನು ಬಂತು ಎಂಬುದನ್ನು ಓದಿ. ಇಡೀ ಹುಡುಕಾಟದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ. ಸೋಲುಗಳೆಲ್ಲ ಒಂದೇ ಥರ ಇರುವುದಿಲ್ಲ, ಒಂದೊಂದೂ ಬೇರೆ ಬೇರೆ ಕಡೆ ಬೆರಳು ತೋರಿಸುತ್ತದೆ.

"ಟೈಮ್ಡ್ ಔಟ್" ಎಂದು ಬಂದರೆ ಕೇಳಿದವರು ಬಾಯೇ ಬಿಡಲಿಲ್ಲ. ಎನ್‌ಎಸ್‌ಲುಕಪ್ ಮಾಮೂಲಾಗಿ 2 ಸೆಕೆಂಡ್ ಕಾದು, ಮತ್ತೆ ಕೇಳುತ್ತದೆ. ಇಲ್ಲಿ ಹೆಸರಿನ ತಪ್ಪಿಲ್ಲ. ರೂಟರ್ ಮಂಕಾಗಿದೆ, ಅಥವಾ ಕಂಪನಿಯ ಡಿಎನ್‌ಎಸ್ ಸರ್ವರ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ನಡುವೆ ಯಾವುದೋ ಫೈರ್‌ವಾಲ್ (ಸಂಪರ್ಕಗಳನ್ನು ತಡೆಯುವ ಕಾವಲು) ಡಿಎನ್‌ಎಸ್ ಬಳಸುವ 53ನೇ ಪೋರ್ಟನ್ನು, ಅಂದರೆ ಬಾಗಿಲನ್ನು, ಮುಚ್ಚಿದೆ.

"ನಾನ್ ಎಕ್ಸಿಸ್ಟೆಂಟ್ ಡೊಮೈನ್" ಎಂದರೆ ಪೂರ್ತಿ ಬೇರೆ ಮಾತು. ಇದು ಉತ್ತರ. ಸರ್ವರ್ ಹುಡುಕಿದೆ, ಅಂಥ ಹೆಸರೇ ಇಲ್ಲ ಎಂದು ಖಚಿತವಾಗಿ ಹೇಳಿದೆ. ಕ್ರೋಮ್‌ನಲ್ಲಿ ಎನ್‌ಎಕ್ಸ್‌ಡೊಮೈನ್ ಎಂದು ಕಾಣುವುದು ಇದೇ. ಹೆಚ್ಚಾಗಿ ಇದು ಟೈಪ್ ಮಾಡುವಾಗ ತಪ್ಪಿದ ಅಕ್ಷರ. ಅಥವಾ ಆ ಸೈಟಿನವರು ಹೆಸರಿನ ಬಾಡಿಗೆಯನ್ನು ಸಮಯಕ್ಕೆ ಕಟ್ಟಿಲ್ಲ. ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳುವುದಿಲ್ಲ, ಅವಧಿಗೆ ಹಣ ಕಟ್ಟಿ ಇಟ್ಟುಕೊಳ್ಳುತ್ತಾರೆ. ಊರಿನ ಸಂಘದ ಸೈಟೋ, ಸಣ್ಣ ಹೋಂಸ್ಟೇ ಸೈಟೋ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಣೆಯಾದರೆ ನನಗೆ ಮೊದಲು ಬರುವ ಅನುಮಾನ ಇದು. ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದರೂ ಇದು ಸರಿಯಾಗುವುದಿಲ್ಲ.

"ಸರ್ವರ್ ಫೇಲ್ಡ್" ಮೂರನೆಯದು. ನಾನು ಕೇಳಲು ಹೋದೆ, ಆದರೆ ಮೂಲದವರು ಸಿಗಲಿಲ್ಲ, ಇಲ್ಲವೇ ಅವರ ಉತ್ತರ ನಂಬುವ ಹಾಗಿರಲಿಲ್ಲ ಎಂದು ಸರ್ವರ್ ಹೇಳುತ್ತಿದೆ. 2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ದಾಟಿದ ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಮೂರೂ ಸುಮಾರು 6 ಗಂಟೆ ನಿಂತುಹೋದದ್ದು ನೆನಪಿದೆಯಲ್ವಾ? ಈ ಮೂರನ್ನೂ ನಡೆಸುವ ಕಂಪನಿಯ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯೇ ಇಂಟರ್ನೆಟ್‌ನಿಂದ ಅಳಿಸಿಹೋಗಿತ್ತು. ಲೋಕದ ಎಲ್ಲ ಡಿಎನ್‌ಎಸ್ ಸರ್ವರ್‌ಗಳೂ ಆಗ ಇದೇ ಉತ್ತರ ಕೊಟ್ಟವು. ಅಂಥ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ರಿಪೇರಿ ಮಾಡುವಂಥದ್ದು ಏನೂ ಇರುವುದಿಲ್ಲ. ಬೇರೆ ನಾಲ್ಕು ಹೆಸರು ಕೇಳಿ ನೋಡಿ. ಒಂದೇ ಹೆಸರಿಗೆ ಹೀಗೆ ಬಂದರೆ ತಪ್ಪು ಅವರದ್ದು, ಎಲ್ಲ ಹೆಸರಿಗೂ ಬಂದರೆ ನೀವು ಕೇಳುತ್ತಿರುವ ಸರ್ವರಿನದ್ದು.

ಈಗ ಅದೇ ಪ್ರಶ್ನೆಯನ್ನು ಬೇರೆಯವರಿಗೆ ಕೇಳಿ. ಎನ್‌ಎಸ್‌ಲುಕಪ್ ಕಮಾಂಡಿನಲ್ಲಿ ಹೆಸರು ಬರೆದಾದ ಮೇಲೆ ಸ್ಪೇಸ್ ಬಿಟ್ಟು 8.8.8.8 ಸೇರಿಸಿದರೆ ಪ್ರಶ್ನೆ ನೇರವಾಗಿ ಗೂಗಲ್‌ನ ಡಿಎನ್‌ಎಸ್‌ಗೆ ಹೋಗುತ್ತದೆ. 1.1.1.1 ಸೇರಿಸಿದರೆ ಕ್ಲೌಡ್‌ಫ್ಲೇರ್‌ಗೆ. ರೂಟರಿನ ಅಂಕಿ ಸೇರಿಸಿದರೆ ರೂಟರಿಗೆ. ರೂಟರಿನ ಅಂಕಿ ಹೆಚ್ಚಾಗಿ 192.168.1.1 ಅಥವಾ 192.168.0.1 ಇರುತ್ತದೆ, 'ಐಪಿಕಾನ್ಫಿಗ್ /ಆಲ್' ಹೊಡೆದಾಗ ಗೇಟ್‌ವೇ ಎಂಬಲ್ಲಿ ಕಾಣುತ್ತದೆ. ರೂಟರ್ ಸುಮ್ಮನಿದ್ದು ಗೂಗಲ್ ಉತ್ತರಿಸಿದರೆ ತೊಂದರೆ ರೂಟರಿನಲ್ಲಿ ಅಥವಾ ಕಂಪನಿಯ ಡಿಎನ್‌ಎಸ್‌ನಲ್ಲಿದೆ. ಇದರಲ್ಲಿ ಯಾವ ಸೆಟ್ಟಿಂಗೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿ ಅನ್ನುತ್ತಾರೆ, ಅದು ಒಳ್ಳೆಯ ಪರೀಕ್ಷೆಯೇ. ಆದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಕೂತಲ್ಲೇ ಮಾಡಬಹುದಾದ ಈ ಹೋಲಿಕೆ ಅಂಥವರಿಗೆ ದೊಡ್ಡ ಅನುಕೂಲ.

ರೂಟರ್ ಮೇಲೆ ಅನುಮಾನ ಬಂದರೆ ಕರೆಂಟ್ ಹೋಗಿ ಬಂದದ್ದು ನೆನಪು ಮಾಡಿಕೊಳ್ಳಿ. ಕರೆಂಟ್ ಬಂದ ತಕ್ಷಣ ಎಲ್ಲವೂ ಒಟ್ಟಿಗೆ ಎದ್ದುಕೊಳ್ಳುತ್ತವೆ. ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕು ಎಂಬುದನ್ನು ರೂಟರ್ ಕಲಿಯುವುದು ಕಂಪನಿಯ ಜೊತೆ ಸಂಪರ್ಕ ಆದಾಗ. ಫೈಬರ್ ಪೆಟ್ಟಿಗೆ ಇನ್ನೂ ತಯಾರಾಗುವ ಮೊದಲೇ ಕಂಪ್ಯೂಟರ್ ರೂಟರಿಗೆ ಪ್ರಶ್ನೆ ಹಾಕಲು ಶುರು ಮಾಡಿರುತ್ತದೆ. ಹೆಚ್ಚಿನ ಸಲ ಒಂದೆರಡು ನಿಮಿಷದಲ್ಲಿ ತಾನಾಗಿ ಸರಿಹೋಗುತ್ತದೆ. ಕೆಲವು ರೂಟರ್‌ಗಳು ಮಾತ್ರ ಆ ಗೊಂದಲದಲ್ಲೇ ಉಳಿಯುತ್ತವೆ. ಆಗ ಎಲ್ಲ ಬಂದ್ ಮಾಡಿ. ಮೊದಲು ಫೈಬರ್ ಪೆಟ್ಟಿಗೆ ಹಾಕಿ, ಪಿಒಎನ್ ದೀಪ ಮಿಣುಕುವುದು ನಿಂತು ಸ್ಥಿರವಾಗುವ ತನಕ ಕಾಯಿರಿ. ಆಮೇಲೆ ರೂಟರ್, ಕೊನೆಗೆ ಕಂಪ್ಯೂಟರ್. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ದೀಪ ಸ್ಥಿರವಾದ ಮೇಲೆ ವೈಫೈ ಒಮ್ಮೆ ಬಿಡಿಸಿ ಸೇರಿಸಿದರೆ ಸಾಕು. ಪೆಟ್ಟಿಗೆಗೆ ಸಣ್ಣ ಯುಪಿಎಸ್ ಹಾಕಿಸಿಕೊಂಡರೆ ಮಳೆಗಾಲದಲ್ಲಿ ಈ ಕಾಟ ಬಹಳ ಕಡಿಮೆಯಾಗುತ್ತದೆ. ನಮ್ಮ ಕಡೆ ಅದು ದುಂದುಗಾರಿಕೆ ಅಲ್ಲ ಎಂದೇ ನನ್ನ ನಂಬಿಕೆ.

ಎನ್‌ಎಸ್‌ಲುಕಪ್ ಸರಿಯಾದ ಅಂಕಿ ಕೊಡುತ್ತದೆ, ಬ್ರೌಸರ್ ಮಾತ್ರ ತೆರೆಯುವುದಿಲ್ಲ ಎಂಬ ಸ್ಥಿತಿಯೂ ಉಂಟು. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಎನ್‌ಎಸ್‌ಲುಕಪ್ ವಿಂಡೋಸ್‌ನ ನೆನಪನ್ನಾಗಲಿ, ಹೋಸ್ಟ್ಸ್ ಫೈಲನ್ನಾಗಲಿ ನೋಡುವುದಿಲ್ಲ. ಅದು ಸೀದಾ ಸರ್ವರನ್ನು ಕೇಳುತ್ತದೆ. ಪಿಂಗ್ ಹಾಗಲ್ಲ, ಅದು ವಿಂಡೋಸ್ ಮೂಲಕ ಕೇಳುತ್ತದೆ. ಆದ್ದರಿಂದ ಅದೇ ಹೆಸರನ್ನು ಪಿಂಗ್ ಮಾಡಿ. ಹೆಸರು ಸಿಗಲಿಲ್ಲ ಎಂದು ಪಿಂಗ್ ಹೇಳಿದರೆ, ಅಥವಾ ಬೇರೆ ಅಂಕಿ ತೋರಿಸಿದರೆ, ತೊಂದರೆ ಹೆಚ್ಚಾಗಿ ನಿಮ್ಮ ಕಂಪ್ಯೂಟರಿನ ಒಳಗೇ ಇದೆ. (ದೊಡ್ಡ ಸೈಟುಗಳಿಗೆ ಹಲವು ಅಂಕಿಗಳಿರುತ್ತವೆ, ಅವು ಬೇರೆಯಾದ ಮಾತ್ರಕ್ಕೆ ಹೆದರಬೇಕಿಲ್ಲ.) 'ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್' ಹೊಡೆದರೆ ವಿಂಡೋಸ್ ನೆನಪಿಟ್ಟ ಹಳೆಯ ಉತ್ತರಗಳು ಹೋಗುತ್ತವೆ. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಆಮೇಲೂ ಹಾಗೇ ಇದ್ದರೆ ಹೋಸ್ಟ್ಸ್ ಫೈಲ್ ನೋಡಿ. ಅದು ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗೆ, ಡ್ರೈವರ್ಸ್ ಒಳಗೆ, ಇಟಿಸಿ ಎಂಬ ಫೋಲ್ಡರಿನಲ್ಲಿದೆ. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳು ಬರೀ ಟಿಪ್ಪಣಿ. ಹ್ಯಾಶ್ ಇಲ್ಲದ ಸಾಲಿನಲ್ಲಿ ನಿಮ್ಮ ಸೈಟಿನ ಹೆಸರು ಕಂಡರೆ ಯಾರೋ ಅದನ್ನು ಅಲ್ಲಿ ಬರೆದಿದ್ದಾರೆ. ಆ ಸಾಲು ಇರುವ ತನಕ ವಿಂಡೋಸ್ ಹೊರಗೆ ಯಾರನ್ನೂ ಕೇಳುವುದಿಲ್ಲ.

ಬ್ರೌಸರಿನ ಸೆಕ್ಯೂರ್ ಡಿಎನ್‌ಎಸ್ ಸೆಟ್ಟಿಂಗನ್ನೂ ನೋಡಬೇಕು. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಇದೆ. ಅದು ಆನ್ ಇದ್ದು, ಯಾವುದಾದರೂ ಸರ್ವರನ್ನು ನೀವೇ ಆರಿಸಿದ್ದರೆ ಬ್ರೌಸರ್ ವಿಂಡೋಸ್ ಅನ್ನು ಬಿಟ್ಟು ತಾನೇ ಗುಪ್ತ ಸಂಪರ್ಕದಲ್ಲಿ ಕೇಳುತ್ತದೆ. ಆ ಸರ್ವರ್ ಸಿಗದಿದ್ದರೆ ಒಂದು ಬ್ರೌಸರ್ ಕೆಟ್ಟು ಇನ್ನೊಂದು ಓಡುತ್ತದೆ. ಆಂಡ್ರಾಯ್ಡ್ 9ರಿಂದ ಮೊಬೈಲ್‌ಗಳಲ್ಲೂ ಪ್ರೈವೇಟ್ ಡಿಎನ್‌ಎಸ್ ಎಂಬ ಇಂಥದ್ದೇ ಸೆಟ್ಟಿಂಗ್ ಬಂದಿದೆ. ಕಂಪ್ಯೂಟರಿನ ತಾರೀಖು ತಪ್ಪಿದ್ದರೂ ಈ ಗುಪ್ತ ಸಂಪರ್ಕ ಮುರಿಯುತ್ತದೆ, ಯಾಕೆಂದರೆ ಸರ್ವರ್ ತಾನು ಯಾರೆಂದು ತೋರಿಸಲು ಕೊಡುವ ಪ್ರಮಾಣಪತ್ರದ ಅವಧಿ ಹೊಂದುವುದಿಲ್ಲ. ಬಹಳ ದಿನ ಮುಚ್ಚಿಟ್ಟಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿ ಸಣ್ಣ ಸೆಲ್ ಸತ್ತು ಗಡಿಯಾರ ಹಿಂದೆ ಹೋಗಿರುತ್ತದೆ, ಅದನ್ನೂ ಒಮ್ಮೆ ನೋಡಿ.

ಕೊನೆಗೂ ಡಿಎನ್‌ಎಸ್ ಬದಲಿಸಬೇಕು ಎಂದು ಗೊತ್ತಾದರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್ ಹೀಗೆ ಹೋದರೆ ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಸಿಗುತ್ತದೆ. ಮೊದಲು ಅಲ್ಲಿ ಏನಿತ್ತು ಎಂದು ಬರೆದಿಟ್ಟುಕೊಳ್ಳಿ. ಅಲ್ಲಿ ಐಪಿವಿ4, ಐಪಿವಿ6 ಎಂದು ಎರಡಿರುತ್ತವೆ, ಐಪಿ ವಿಳಾಸದ ಹಳೆಯ ಮತ್ತು ಹೊಸ ಪದ್ಧತಿ. ಐಪಿವಿ4ಗೆ ಮಾತ್ರ ಹಾಕಿ ಬಿಟ್ಟರೆ ಕೆಲವು ಸಲ ಏನೂ ಬದಲಾಗುವುದಿಲ್ಲ. ರೂಟರ್ ಐಪಿವಿ6 ಮೂಲಕವೂ ತನ್ನದೇ ಡಿಎನ್‌ಎಸ್ ಹೇಳಿಕೊಟ್ಟಿರುತ್ತದೆ, ವಿಂಡೋಸ್ ಅದನ್ನೂ ಬಳಸುತ್ತದೆ. ಎನ್‌ಎಸ್‌ಲುಕಪ್‌ನ ಮೊದಲ ಸಾಲುಗಳಲ್ಲಿ ಎಫ್‌ಇ80 ಎಂದು ಶುರುವಾಗುವ ಉದ್ದದ ವಿಳಾಸ ಕಂಡರೆ ಇದೇ ಕಥೆ. ಎರಡನೆಯ ಡಿಎನ್‌ಎಸ್ ಖಾನೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಮೊದಲನೆಯವರು "ಇಲ್ಲ" ಎಂದರೆ ಎರಡನೆಯವರನ್ನು ಕೇಳುತ್ತದೆ ಎಂದು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮೊದಲನೆಯವರು ಸುಮ್ಮನಿದ್ದಾಗ ಅದು ಎರಡನೆಯವರ ಕಡೆ ಹೋಗುತ್ತದೆ. ಅಂಥ ಹೆಸರಿಲ್ಲ ಎಂಬುದೂ ಉತ್ತರವೇ, ಅಲ್ಲಿಗೆ ಪ್ರಶ್ನೆ ಮುಗಿಯಿತು.

ಬೆಂಗಳೂರಿನ ಕೆಲಸವನ್ನು ಊರಿನಲ್ಲೇ ಕೂತು ಮಾಡುವವರು ಈಗ ನಮ್ಮಲ್ಲಿ ಬಹಳ ಇದ್ದಾರೆ. ನೀವು ಅವರಲ್ಲೊಬ್ಬರಾಗಿದ್ದರೆ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇದನ್ನೆಲ್ಲ ಬದಲಿಸಬೇಡಿ. ಆಫೀಸಿನ ಒಳಗಿನ ಹೆಸರುಗಳು ಹೊರಗಿನ ಡಿಎನ್‌ಎಸ್‌ಗೆ ಗೊತ್ತಿರುವುದಿಲ್ಲ. ಅವು ಸಿಗುವುದು ವಿಪಿಎನ್ (ಮನೆಯಿಂದ ಆಫೀಸಿನ ಜಾಲಕ್ಕೆ ಸೇರಿಸುವ ಗುಪ್ತ ಸಂಪರ್ಕ) ಮೂಲಕ ಆಫೀಸಿನ ಡಿಎನ್‌ಎಸ್ ಕೇಳಿದಾಗ ಮಾತ್ರ. ವಿಪಿಎನ್ ಅರ್ಧಕ್ಕೆ ಕಡಿದಾಗ ಕೆಲವು ಸಲ ಅದರ ಡಿಎನ್‌ಎಸ್ ಹಾಗೇ ಉಳಿದು ಉಳಿದ ಸೈಟುಗಳೂ ನಿಲ್ಲುತ್ತವೆ. ವಿಪಿಎನ್ ಮತ್ತೆ ಸೇರಿಸಿ, ಸರಿಯಾಗಿ ಬಿಡಿಸಿದರೆ ಅದು ಬಿಟ್ಟುಹೋಗುತ್ತದೆ.

ಉತ್ತರ ಬರದಿರುವುದಕ್ಕಿಂತ ಅಪಾಯ ತಪ್ಪು ಉತ್ತರ ಬರುವುದು. ಡಿಎನ್‌ಎಸ್ ಚೇಂಜರ್ ಎಂಬ ಕುತಂತ್ರಾಂಶ ಲೋಕದಲ್ಲಿ ಸುಮಾರು 40 ಲಕ್ಷ ಕಂಪ್ಯೂಟರ್‌ಗಳ ಡಿಎನ್‌ಎಸ್ ಸೆಟ್ಟಿಂಗನ್ನು ಸದ್ದಿಲ್ಲದೆ ಬದಲಿಸಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಮುರಿಯಿತು. ಕಳ್ಳರ ಸರ್ವರ್‌ಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟೂ ಜನಕ್ಕೆ ನೆಟ್ ಹೋಗುತ್ತಿತ್ತು. ಹಾಗಾಗಿ ಆ ಜಾಗದಲ್ಲಿ ಒಳ್ಳೆಯ ಸರ್ವರ್‌ಗಳನ್ನು ಇಟ್ಟು 2012ರ ಜುಲೈ 9ರವರೆಗೆ ನಡೆಸಿದರು. ಕಂಪ್ಯೂಟರಿನ ಬದಲು ರೂಟರಿನೊಳಗೇ ಸೆಟ್ಟಿಂಗ್ ಬದಲಿಸಿದರೆ ಮನೆಯ ಎಲ್ಲ ಮೊಬೈಲ್, ಟಿವಿ ಸಮೇತ ತಪ್ಪು ದಾರಿ ಹಿಡಿಯುತ್ತವೆ. ಬ್ಯಾಂಕ್ ಸೈಟ್ ತೆರೆದಾಗ ಪ್ರಮಾಣಪತ್ರದ ಎಚ್ಚರಿಕೆ ಬಂದರೆ ದಯವಿಟ್ಟು ಮುಂದುವರಿಯಬೇಡಿ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಡಿಎನ್‌ಎಸ್ ಎಂಬಲ್ಲಿ ಗುರುತಿಲ್ಲದ ಅಂಕಿ ಇದೆಯಾ ನೋಡಿ. ಅಡ್ಮಿನ್ ಪಾಸ್‌ವರ್ಡ್ ತಂದಾಗಿನದ್ದೇ ಇದ್ದರೆ ಇವತ್ತೇ ಬದಲಿಸಿ.

ತೊಂದರೆ ಕಂಪನಿಯ ಕಡೆ ಇದೆ ಎಂದು ಗೊತ್ತಾದ ಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುವಾಗ "ನೆಟ್ ಇಲ್ಲ" ಎನ್ನಬೇಡಿ. ಹಾಗೆಂದರೆ ರೂಟರ್ ಆಫ್ ಆನ್ ಮಾಡಿ ಎಂಬಲ್ಲಿಂದಲೇ ಅವರು ಶುರು ಮಾಡುತ್ತಾರೆ. "ದೀಪಗಳು ಸರಿಯಿವೆ, 8.8.8.8ಕ್ಕೆ ಪಿಂಗ್ ಹೋಗುತ್ತಿದೆ, ನಿಮ್ಮ ಡಿಎನ್‌ಎಸ್ ಸರ್ವರ್ ಟೈಮ್ ಔಟ್ ಆಗುತ್ತಿದೆ, ಬೇರೆಯವರ ಡಿಎನ್‌ಎಸ್ ಉತ್ತರಿಸುತ್ತಿದೆ" ಎಂದು ಹೇಳಿ. ಜೊತೆಗೆ ಎಷ್ಟು ಗಂಟೆಯಿಂದ ಹೀಗಿದೆ, ಯಾವ ಹೆಸರು ಕೇಳಿದಿರಿ ಎಂಬುದನ್ನೂ ಕೊಡಿ. ಲೈನ್‌ಮ್ಯಾನ್‌ನನ್ನು ಮಳೆಯಲ್ಲಿ ನಿಮ್ಮ ಮನೆಗೆ ಕಳಿಸುವ ಬದಲು ಅವರು ತಮ್ಮ ಸರ್ವರನ್ನು ನೋಡುವ ಹಾಗಾಗುತ್ತದೆ. ಅಲ್ಲಿಯವರೆಗೆ ಕೆಲಸ ನಡೆಯಲು 8.8.8.8 ಹಾಕಿಕೊಂಡಿದ್ದರೆ, ಅವರು ಸರಿಯಾಯಿತು ಎಂದಾಗ ಬರೆದಿಟ್ಟ ಹಳೆಯ ಸೆಟ್ಟಿಂಗಿಗೆ ಮರಳಿ ಒಮ್ಮೆ ಎನ್‌ಎಸ್‌ಲುಕಪ್ ಹೊಡೆದು ನೋಡಿ.